ಬರಲ್ಲವೋ, ಮನಸ್ಸಿಲ್ಲವೋ? ಟೀಮ್‌ನವರ ಕೌಶಲ, ಹುಮ್ಮಸ್ಸು ಅಳೆಯೋದು ಹೇಗೆ?

ಹೊಸ_ಲೀಡ್

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಕೋಡ್ ಬರೆದು, ಎಂಟು ತಿಂಗಳ ಹಿಂದೆ ಆರು ಜನರ ಟೀಮ್‌ಗೆ ಲೀಡ್ ಆದೆ. ಇನ್ನು ಮೂರು ವಾರಕ್ಕೆ ಅಪ್ರೈಸಲ್. ಮ್ಯಾನೇಜರ್ ಒಂದು ಶೀಟ್ ಕಳಿಸಿದ್ದಾರೆ. ಅಡ್ಡಕ್ಕೆ ಕೌಶಲ: ಕಡಿಮೆ, ಮಧ್ಯಮ, ಹೆಚ್ಚು. ಉದ್ದಕ್ಕೆ ಆಸಕ್ತಿ: ಅವೇ ಮೂರು. ಒಟ್ಟು ಒಂಬತ್ತು ಚೌಕ. ಆರು ಹೆಸರನ್ನೂ ಒಂದೊಂದು ಚೌಕದಲ್ಲಿ ಕೂರಿಸಬೇಕು.

ನಾಲ್ಕು ಹೆಸರು ಬರೆದೆ. ಇನ್ನಿಬ್ಬರ ಹತ್ತಿರ ಬಂದಾಗ ಕೈ ನಿಂತುಹೋಯಿತು.

ಒಬ್ಬರನ್ನು ‘ಅ’ ಅಂತ ಕರೀತೀನಿ. ನಾಲ್ಕು ವರ್ಷದ ಅನುಭವ. ಎರಡು ದಿನ ಸಾಕು ಅಂತ ಅಂದಾಜು ಹಾಕಿದ ಟಿಕೆಟ್ (ಒಪ್ಪಿಸಿದ ಒಂದು ಕೆಲಸ) ಒಂಬತ್ತು ದಿನ ಹಿಡಿಯುತ್ತೆ. ದಿನಾ ನಡೆಯೋ ಚಿಕ್ಕ ಮೀಟಿಂಗ್, ಸ್ಟ್ಯಾಂಡಪ್‌ನಲ್ಲಿ ಕೇಳಿದರೆ ‘ನಡೀತಾ ಇದೆ’ ಅಂತಾರೆ, ಅಷ್ಟೇ. ಸಹಾಯ ಬೇಕಾ ಅಂದರೆ ಬೇಡ ಅಂತಾರೆ. ಇನ್ನೊಬ್ಬರು ‘ಬ’. ತುಂಬಾ ವೇಗ. ಸ್ಪ್ರಿಂಟ್ (ಕೆಲಸ ಹಂಚಿಕೊಂಡು ಮಾಡೋ ಕೆಲವು ವಾರದ ಅವಧಿ) ಅರ್ಧ ಕಳೆಯೋದರೊಳಗೆ ತಮ್ಮ ಪಾಲಿನದೆಲ್ಲಾ ಮುಗಿಸಿ ಇನ್ನೇನಿದೆ ಅಂತ ಬರ್ತಾರೆ. ಆದರೆ ಮುಗಿಸಿದ್ದರಲ್ಲಿ ಸುಮಾರು ಕೆಲಸ ಮುಂದಿನ ಸ್ಪ್ರಿಂಟ್‌ನಲ್ಲಿ ಬಗ್ ಆಗಿ ವಾಪಸ್ ಬರುತ್ತೆ. ಅದನ್ನು ಸರಿ ಮಾಡೋರು ಹೆಚ್ಚಾಗಿ ಬೇರೆಯವರು.

‘ಅ’ಗೆ ಕೆಲಸ ಬರಲ್ಲವೋ, ಮಾಡೋ ಮನಸ್ಸಿಲ್ಲವೋ ನನಗೆ ಗೊತ್ತಾಗ್ತಿಲ್ಲ. ‘ಬ’ಗೆ ಹುಮ್ಮಸ್ಸು ಜಾಸ್ತಿಯೋ, ಕಾಳಜಿ ಕಡಿಮೆಯೋ ಅದೂ ಗೊತ್ತಾಗ್ತಿಲ್ಲ. ನಾನು ಬರೆಯೋ ಒಂದು ಪದದ ಮೇಲೆ ಅವರ ಸಂಬಳ, ಬಡ್ತಿ ನಿಂತಿದೆ. ಊಹೆ ಮೇಲೆ ಬರೆಯೋಕೆ ಮನಸ್ಸು ಒಪ್ತಿಲ್ಲ. ನೀವೆಲ್ಲ ಹೇಗೆ ನೋಡ್ತೀರಿ?

ಮರದ_ನೆರಳು

ಕೈ ನಿಂತಿದ್ದು ಒಳ್ಳೇದೇ ಆಯಿತು. ಬರೆದ ಆ ನಾಲ್ಕು ಹೆಸರಿನ ಮೇಲೂ ಇನ್ನೊಮ್ಮೆ ಕಣ್ಣಾಡಿಸಿ ಅಂತೀನಿ.

ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ಅದರಲ್ಲಿ ಹನ್ನೊಂದು ವರ್ಷ ಬೇರೆಯವರ ಕೆಲಸದ ಬಗ್ಗೆ ಅಭಿಪ್ರಾಯ ಬರೆದಿದ್ದೀನಿ. ಚೌಕದೊಳಗೆ ಮನುಷ್ಯರ ಹೆಸರು ಬರೆಯೋದೇ ಮೊದಲ ತಪ್ಪು. ಬರೆಯಲೇಬೇಕಾದರೆ ಹೆಸರಿನ ಪಕ್ಕ ಕೆಲಸವನ್ನೂ ಬರೀರಿ. ಡೇಟಾಬೇಸ್ ಕ್ವೆರಿ ಒಂದನ್ನು ನಲವತ್ತು ಸೆಕೆಂಡ್‌ನಿಂದ ಅರ್ಧ ಸೆಕೆಂಡ್‌ಗೆ ಇಳಿಸಬಲ್ಲ ಹೆಣ್ಣುಮಗಳು ಮೊಬೈಲ್ ಆ್ಯಪ್‌ನ ಕೋಡ್ ಮುಂದೆ ಕೂತ ಮೊದಲ ತಿಂಗಳು ಫ್ರೆಶರ್ ಥರಾನೇ ಇರ್ತಾಳೆ. ಅವಳ ಕೌಶಲ ಹೆಚ್ಚೋ ಕಡಿಮೆಯೋ? ಕೆಲಸ ಯಾವುದು ಅಂತ ಹೇಳದೆ ಆ ಪ್ರಶ್ನೆಗೆ ಉತ್ತರ ಇಲ್ಲ.

ಇದು ನನ್ನ ಸ್ವಂತ ಮಾತಲ್ಲ. ಇಂಟೆಲ್ ಕಂಪನಿಯನ್ನು ನಡೆಸಿದ ಆಂಡಿ ಗ್ರೋವ್ 1983ರಲ್ಲೇ ಇದನ್ನು ವಿವರವಾಗಿ ಬರೆದಿದ್ದರು. ಮೇಲಿನವನು ಎಷ್ಟು ಹತ್ತಿರದಿಂದ ನೋಡಬೇಕು, ಎಷ್ಟು ಬಿಟ್ಟುಕೊಡಬೇಕು ಅನ್ನೋದು ಆ ಕೆಲಸದಲ್ಲಿ ಆ ವ್ಯಕ್ತಿ ಎಷ್ಟು ಪಳಗಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ, ಕೆಲಸ ಬದಲಾದರೆ ಅದೂ ಬದಲಾಗುತ್ತೆ ಅಂತ. ಕೆಲಸ ಆಗದಿದ್ದರೆ ಕಾರಣ ಎರಡೇ, ಬರಲ್ಲ ಅಥವಾ ಮನಸ್ಸಿಲ್ಲ ಅಂತಲೂ ಅವರೇ ಹೇಳಿದ್ದು. ಪ್ರಾಣಕ್ಕೇ ಬಂದರೆ ಈ ಕೆಲಸ ಮಾಡಬಲ್ಲರಾ ಅಂತ ಕೇಳಿಕೊಳ್ಳಿ. ಮಾಡಬಲ್ಲರು ಅಂದರೆ ಮನಸ್ಸಿನ ಸಮಸ್ಯೆ, ಆಗಲೂ ಆಗಲ್ಲ ಅಂದರೆ ಕೌಶಲದ್ದು.

ಬಹಳ ವರ್ಷ ಈ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದೆ. ಈಗ ಅರ್ಧ ಮಾತ್ರ ನಂಬ್ತೀನಿ. ನಮ್ಮ ಕೆಲಸದಲ್ಲಿ ಮೂರನೇ ಕಾರಣ ಒಂದಿದೆ. ಬರುತ್ತೆ, ಮನಸ್ಸೂ ಇದೆ, ಆದರೆ ದಾರಿ ಕಟ್ಟಿದೆ. ಆಕ್ಸೆಸ್ ಸಿಕ್ಕಿಲ್ಲ, ಬರೆದ ಕೋಡ್ ನೋಡಿ ರಿವ್ಯೂ ಮಾಡೋರಿಲ್ಲ, ಏನು ಬೇಕು ಅಂತ ಹೇಳಬೇಕಾದವರು ವಾರಕ್ಕೊಂದು ಹೇಳ್ತಾರೆ. ಇದು ಹೊರಗಿನಿಂದ ಸೋಮಾರಿತನದ ಹಾಗೇ ಕಾಣುತ್ತೆ.

‘ಅ’ ಅವರ ಆ ಒಂಬತ್ತು ದಿನದ ಟಿಕೆಟ್ ಒಂದನ್ನು ತೆಗೆದು, ದಿನ ದಿನ ಏನಾಯಿತು ಅಂತ ನೋಡಿದ್ದೀರಾ?

ಹೊಸ_ಲೀಡ್

ಇಲ್ಲ ಸರ್, ನೋಡಿಲ್ಲ. ಒಟ್ಟು ದಿನ ಮಾತ್ರ ನೋಡಿದ್ದೆ. ಇವತ್ತೇ ನೋಡ್ತೀನಿ.

ಟೆಸ್ಟ್_ಮೊದಲು

ನಾನು ಟೆಸ್ಟಿಂಗ್‌ನಲ್ಲಿರೋಳು. ಯಾರ ಕೆಲಸ ಎಂಥದ್ದು ಅಂತ ಲೀಡ್‌ಗಳಿಗಿಂತ ಮೊದಲು ನಮಗೆ ಗೊತ್ತಾಗುತ್ತೆ, ಆದರೆ ಯಾರೂ ನಮ್ಮನ್ನು ಕೇಳಲ್ಲ. ಅದಕ್ಕೇ ಬರೀತಿದ್ದೀನಿ.

ಒಂದು ಬಗ್ ಉದಾಹರಣೆ ಕೊಡ್ತೀನಿ. ಚಂದಾ ನವೀಕರಣದ ಕೋಡ್. ಫೆಬ್ರವರಿ 29ಕ್ಕೆ ಸೇರಿದ ಗ್ರಾಹಕರಿಗೆ ಮುಂದಿನ ವರ್ಷದ ದಿನಾಂಕ ಲೆಕ್ಕ ಹಾಕುವಾಗ ಎರರ್ ಬರ್ತಿತ್ತು, ಯಾಕಂದರೆ ಕೋಡ್ ಬರೀ ಇಸವಿಗೆ ಒಂದು ಕೂಡಿಸ್ತಿತ್ತು. ಇಬ್ಬರು ಎಂಜಿನಿಯರ್‌ಗಳು ಬೇರೆ ಬೇರೆ ಬ್ರಾಂಚ್‌ನಲ್ಲಿ (ಕೋಡ್‌ನ ಪ್ರತ್ಯೇಕ ಪ್ರತಿ) ಇದನ್ನೇ ಸರಿಮಾಡಿದ್ದರು. ಮೊದಲನೆಯವರು ಎರಡು ಸಾಲು ಸೇರಿಸಿದ್ದರು: ತಿಂಗಳು ಎರಡು, ತಾರೀಖು ಇಪ್ಪತ್ತೊಂಬತ್ತು ಆದರೆ ಇಪ್ಪತ್ತೆಂಟು ಮಾಡು. ಟಿಕೆಟ್ ಕ್ಲೋಸ್. ಎರಡನೆಯವರು ಇದೇ ಥರ ಕೈಯಿಂದ ಇಸವಿ, ತಿಂಗಳು ಕೂಡಿಸೋ ಜಾಗ ಇನ್ನೆಲ್ಲಿದೆ ಅಂತ ಹುಡುಕಿದರು. ಇನ್ನೂ ಮೂರು ಕಡೆ ಸಿಕ್ಕಿತು. ನಾಲ್ಕನ್ನೂ ದಿನಾಂಕದ ಲೈಬ್ರರಿಗೆ ಬಿಟ್ಟರು. ಆಮೇಲೆ ನನ್ನ ಹತ್ತಿರ ಬಂದು, ‘ಜನವರಿ 31ಕ್ಕೆ ಸೇರಿದವರ ಮಾಸಿಕ ಚಂದಾ ಏನಾಗಬೇಕು? ಫೆಬ್ರವರಿ ಕೊನೇ ದಿನಕ್ಕೆ ಬಂದ ಮೇಲೆ ಮಾರ್ಚ್‌ನಲ್ಲಿ ಮತ್ತೆ 31ಕ್ಕೆ ಹೋಗಬೇಕಾ, 28ರಲ್ಲೇ ನಿಲ್ಲಬೇಕಾ?’ ಅಂತ ಕೇಳಿದರು. ಅದು ನನಗೂ ಹೊಳೆದಿರಲಿಲ್ಲ.

ಆ ಒಂದು ಪ್ರಶ್ನೆಯಲ್ಲಿ ಕೌಶಲವೂ ಇದೆ, ಕಾಳಜಿಯೂ ಇದೆ. ಇದೇ ಬಗ್ ಇನ್ನೆಲ್ಲಿರಬಹುದು ಅಂತ ಊಹಿಸೋಕೆ ಕೌಶಲ ಬೇಕು. ಟಿಕೆಟ್‌ನಲ್ಲಿ ಇಲ್ಲದ್ದನ್ನು ಕೇಳೋಕೆ ಎದ್ದು ಬರಬೇಕಾದರೆ ಮನಸ್ಸಿರಬೇಕು.

‘ಬ’ ಅವರ ವಾಪಸ್ ಬಂದ ಬಗ್‌ಗಳನ್ನು ಹತ್ತು ತೆಗೆದು ಸಾಲಾಗಿ ಇಡಿ. ಎಷ್ಟು ಅನ್ನೋದು ಬಿಡಿ, ಎಂಥವು ಅಂತ ನೋಡಿ. ಎಲ್ಲಾ ಒಂದೇ ಜಾತಿಯವಾದರೆ, ಉದಾಹರಣೆಗೆ ಎಲ್ಲಾ ಒಂದೇ ಸಲಕ್ಕೆ ಇಬ್ಬರು ಸೇವ್ ಒತ್ತಿದಾಗ ಬರೋವಾದರೆ, ಅವರಿಗೆ ಆ ವಿಷಯ ಯಾರೂ ಕಲಿಸಿಲ್ಲ ಅಂತ ಅರ್ಥ. ಒಂದೊಂದು ಒಂದೊಂದು ಥರ ಇದ್ದು, ಒಮ್ಮೆ ಓಡಿಸಿ ನೋಡಿದ್ದರೂ ಸಿಗ್ತಿದ್ದವು ಅನ್ನೋ ಹಾಗಿದ್ದರೆ ಅದು ಬೇರೆ ವಿಷಯ.

ಗ್ರಾಫ್_ನೋಡಿ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಇಷ್ಟೆಲ್ಲಾ ಒಬ್ಬೊಬ್ಬರ ಕೋಡ್ ಕೂತು ಓದೋಕೆ ಲೀಡ್‌ಗೆ ಸಮಯ ಎಲ್ಲಿದೆ? ಲೆಕ್ಕ ಇರಬೇಕು. ವಾರಕ್ಕೆ ಎಷ್ಟು ಪಿಆರ್ (ರಿವ್ಯೂಗೆ ಹಾಕಿದ ಕೋಡ್ ಬದಲಾವಣೆ) ಮರ್ಜ್ ಆಯಿತು, ಅಂದರೆ ಮುಖ್ಯ ಕೋಡ್‌ಗೆ ಸೇರಿತು, ಎಷ್ಟು ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರಕ್ಕೆ ಕೊಡೋ ಅಂಕ), ರಿವ್ಯೂ ಕಾಮೆಂಟ್ ಎಷ್ಟು, ರೀಓಪನ್ (ಮುಗಿದ ಟಿಕೆಟ್ ಮತ್ತೆ ತೆರೆದದ್ದು) ಎಷ್ಟು. ಸಂಖ್ಯೆಗೆ ಮುಖ ನೋಡಿ ಮಣೆ ಹಾಕೋ ಅಭ್ಯಾಸ ಇಲ್ಲ. ಲೀಡ್‌ಗೆ ಇಷ್ಟವಾದವರಿಗೆ ಒಳ್ಳೆ ರೇಟಿಂಗ್ ಹೋಗೋದನ್ನು ನಾನು ಕಣ್ಣಾರೆ ಕಂಡಿದ್ದೀನಿ, ಆದ್ದರಿಂದ ನನಗೆ ಮಾತಿಗಿಂತ ಗ್ರಾಫ್ ಮೇಲೆ ನಂಬಿಕೆ.

ಮರದ_ನೆರಳು

> ಸಂಖ್ಯೆಗೆ ಮುಖ ನೋಡಿ ಮಣೆ ಹಾಕೋ ಅಭ್ಯಾಸ ಇಲ್ಲ

ನಿಮ್ಮ ಆತಂಕ ನ್ಯಾಯವಾದದ್ದು. ಆದರೆ ಆ ಸಂಖ್ಯೆಗಳಿಂದ ‘ಬ’ ಅವರನ್ನು ನೋಡಿ, ಟೀಮ್‌ಗೇ ಮೊದಲು ಬರ್ತಾರೆ. ಅವರ ಬಗ್ ಸರಿ ಮಾಡಿದವರು ಕೆಳಗಿರ್ತಾರೆ.

1982ರಲ್ಲಿ ಆ್ಯಪಲ್‌ನ ಲೀಸಾ ಕಂಪ್ಯೂಟರ್ ತಂಡದಲ್ಲಿ ನಡೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತೆ. ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಅಂತ ಫಾರಂ ತುಂಬಿಸೋ ಪದ್ಧತಿ ತಂದರು. ಅಲ್ಲಿನ ಪ್ರೋಗ್ರಾಮರ್ ಬಿಲ್ ಆಟ್ಕಿನ್‌ಸನ್ ಆ ವಾರ ಕ್ವಿಕ್‌ಡ್ರಾ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್‌ನ ಒಂದು ಭಾಗವನ್ನು ಹೊಸದಾಗಿ ಬರೆದು, ಮೊದಲಿಗಿಂತ ಸುಮಾರು ಆರು ಪಟ್ಟು ವೇಗ ಮಾಡಿದ್ದರು. ಹಾಗೆ ಮಾಡುವಾಗ ಸುಮಾರು 2000 ಸಾಲು ಕಡಿಮೆಯಾಗಿತ್ತು. ಫಾರಂನಲ್ಲಿ ಮೈನಸ್ 2000 ಅಂತ ಬರೆದರು. ಸ್ವಲ್ಪ ವಾರ ಕಳೆದ ಮೇಲೆ ಅವರನ್ನು ಫಾರಂ ಕೇಳೋದೇ ಬಿಟ್ಟರು.

ಇನ್ನೊಂದು. ಎಷ್ಟು ಸಲ ಡಿಪ್ಲಾಯ್ (ಹೊಸ ಕೋಡ್ ಬಳಕೆಗೆ ಬಿಡೋದು), ಬದಲಾವಣೆ ಪ್ರೊಡಕ್ಷನ್, ಅಂದರೆ ಜನ ಬಳಸೋ ವ್ಯವಸ್ಥೆ, ತಲುಪೋಕೆ ಎಷ್ಟು ಹೊತ್ತು, ಎಷ್ಟು ಕೆಟ್ಟವು, ಕೆಟ್ಟದ್ದನ್ನು ಸರಿಮಾಡೋಕೆ ಎಷ್ಟು ಹೊತ್ತು ಅನ್ನೋ ನಾಲ್ಕು ಡೋರಾ ಅಳತೆಗಳನ್ನು (ಡೋರಾ ಅನ್ನೋದು ಸಾಫ್ಟ್‌ವೇರ್ ತಂಡಗಳ ಬಗ್ಗೆ ಸಂಶೋಧನೆ ಮಾಡಿದ ಗುಂಪು) ಈಗ ಬಹಳ ಕಡೆ ಬಳಸ್ತಾರೆ. ಅವು ಟೀಮ್ ಮತ್ತು ಅದರ ವ್ಯವಸ್ಥೆ ಹೇಗಿದೆ ಅಂತ ನೋಡೋಕೆ ಇರೋವು. ಒಬ್ಬ ವ್ಯಕ್ತಿಯನ್ನು ಅವುಗಳಿಂದ ತೂಗಬಾರದು.

ಗ್ರಾಫ್_ನೋಡಿ

ವ್ಯಕ್ತಿಗೆ ಅಂಕ ಹಾಕೋಕೆ ಬೇಡ ಅನ್ನೋದನ್ನು ಒಪ್ತೀನಿ. ಆದರೆ ಎಲ್ಲಿ ನೋಡಬೇಕು ಅಂತ ತೋರಿಸೋಕೆ ಸಂಖ್ಯೆ ಬೇಕೇ ಬೇಕು. ಆ ಟಿಕೆಟ್ ಒಂಬತ್ತು ದಿನ ಹಿಡೀತು ಅಂತ ಗೊತ್ತಾಗಿದ್ದೇ ಸಂಖ್ಯೆಯಿಂದ ಅಲ್ಲವಾ? ಒಂದು ಕೆಲಸ ಮಾಡಿ ಲೀಡ್ ಅವರೇ. ಆ ಒಂಬತ್ತು ದಿನವನ್ನು ಭಾಗ ಮಾಡಿ: ಮೊದಲ ಕಮಿಟ್‌ವರೆಗೆ (ಬರೆದ ಕೋಡ್ ದಾಖಲಿಸೋದು) ಎಷ್ಟು, ಮೊದಲ ಕಮಿಟ್‌ನಿಂದ ಪಿಆರ್‌ವರೆಗೆ ಎಷ್ಟು, ಪಿಆರ್ ಹಾಕಿದ ಮೇಲೆ ಮೊದಲ ಕಾಮೆಂಟ್‌ವರೆಗೆ ಎಷ್ಟು, ಅಲ್ಲಿಂದ ಮರ್ಜ್‌ವರೆಗೆ ಎಷ್ಟು. ಗಿಟ್‌ನಲ್ಲೂ (ಕೋಡ್ ಬದಲಾವಣೆಗಳ ದಾಖಲೆ) ಪಿಆರ್ ಪುಟದಲ್ಲೂ ಎಲ್ಲಾ ಇದೆ, ಹತ್ತು ನಿಮಿಷದ ಕೆಲಸ.

ಹೊಸ_ಲೀಡ್

ಮಾಡಿದೆ. ಬರೆಯೋಕೆ ಸ್ವಲ್ಪ ಕಷ್ಟ ಆಗ್ತಿದೆ, ಆದರೂ ಬರೀತೀನಿ.

‘ಅ’ ಅವರ ಕೊನೇ ಐದು ಟಿಕೆಟ್ ತೆಗೆದೆ. ಒಂಬತ್ತು ದಿನದ ಆ ಟಿಕೆಟ್‌ನಲ್ಲಿ ಪಿಆರ್ ಬಂದಿದ್ದು ಐದನೇ ದಿನ. ಆಮೇಲೆ ಮೂರು ದಿನ ಯಾರೂ ಅದನ್ನು ತೆರೆದೇ ಇಲ್ಲ. ರಿವ್ಯೂ ಮಾಡಬೇಕಾಗಿದ್ದವನು ನಾನು. ಉಳಿದ ನಾಲ್ಕರಲ್ಲೂ ಎರಡಕ್ಕೆ ಇದೇ ಕಥೆ. ಅಂದರೆ ಅವರ ಹೆಸರಿನ ಮುಂದೆ ನಾನು ಬರೆಯೋಕೆ ಹೊರಟಿದ್ದ ನಿಧಾನದಲ್ಲಿ ಮೂರನೇ ಒಂದು ಭಾಗ ನನ್ನದು.

ಆದರೂ ಎರಡು ದಿನದ್ದು ಐದು ದಿನ ಯಾಕಾಯಿತು ಅನ್ನೋ ಪ್ರಶ್ನೆ ಉಳಿದೇ ಇದೆ.

ಹಿಂದಿನ_ಬೆಂಚು

ಈ ಚರ್ಚೆ ಮೊದಲಿನಿಂದ ಓದ್ತಾ ಇದ್ದೆ. ಬರೆಯಬೇಕೋ ಬೇಡವೋ ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ನಾನು ‘ಅ’ ಆಗಿದ್ದೋನು.

ಆರು ವರ್ಷದ ಹಿಂದೆ ಒಂದು ಕಂಪನಿಯಲ್ಲಿ ನನ್ನನ್ನು ಹಳೇ ಬಿಲ್ಲಿಂಗ್ ಮಾಡ್ಯೂಲ್‌ಗೆ ಹಾಕಿದರು. ಅದನ್ನು ಬರೆದವರೆಲ್ಲಾ ಬಿಟ್ಟು ಹೋಗಿದ್ದರು. ಟೆಸ್ಟ್ ಇರಲಿಲ್ಲ. ಒಂದೇ ಫೈಲ್ ಏಳು ಸಾವಿರ ಸಾಲು. ಮೊದಲ ನಾಲ್ಕು ತಿಂಗಳು ರಾತ್ರಿಯೆಲ್ಲಾ ಕೂತು ಅರ್ಥ ಮಾಡಿಕೊಂಡೆ. ತೆರಿಗೆ ಲೆಕ್ಕವನ್ನು ಬೇರೆ ಮಾಡಬೇಕು ಅಂತ ಒಂದು ಡಿಸೈನ್ ಬರೆದೆ. ಸರಿ ಮಾಡು ಅಂದರು. ಮೂರು ವಾರ ಕೋಡ್ ಬರೆದ ಮೇಲೆ, ಈಗ ಬೇಡ, ರಿಲೀಸ್ ಹತ್ತಿರ ಇದೆ ಅಂದರು. ಮುಂದಿನ ಸಲವೂ ಹಾಗೇ ಆಯಿತು. ಮೂರನೇ ಸಲ ನಾನು ಏನೂ ಹೇಳೋಕೆ ಹೋಗಲಿಲ್ಲ. ಕೊಟ್ಟಷ್ಟು ಮಾಡಿ ಆರು ಗಂಟೆಗೆ ಎದ್ದು ಹೋಗ್ತಿದ್ದೆ. ಸ್ಟ್ಯಾಂಡಪ್‌ನಲ್ಲಿ ನಾನೂ ‘ನಡೀತಾ ಇದೆ’ ಅಂತಲೇ ಹೇಳ್ತಿದ್ದೆ.

ಆ ವರ್ಷದ ಅಪ್ರೈಸಲ್‌ನಲ್ಲಿ ‘ಉತ್ಸಾಹದ ಕೊರತೆ, ಸ್ವಯಂ ಪ್ರೇರಣೆ ಇಲ್ಲ’ ಅಂತ ಬಂತು. ಸುಳ್ಳು ಅಂತ ಹೇಳೋಕಾಗಲ್ಲ, ಆವತ್ತಿಗೆ ಅದು ನಿಜವೇ. ಆದರೆ ಅದನ್ನು ನನ್ನ ಹುಟ್ಟುಗುಣ ಅನ್ನೋ ಹಾಗೆ ಬರೆದಿದ್ದರು. ನಾನೂ ಅದನ್ನು ನಂಬಿಬಿಟ್ಟೆ. ಎರಡು ವರ್ಷ ನಂಬಿದ್ದೆ.

ಮುಂದಿನ ಟೀಮ್‌ನಲ್ಲಿ ಲೀಡ್ ಆಗಿದ್ದ ಅಕ್ಕ ಮೊದಲನೇ ವಾರವೇ ಒಂದು ಪ್ರಶ್ನೆ ಕೇಳಿದರು: ‘ಟೈಮ್ ಹೋಗಿದ್ದೇ ಗೊತ್ತಾಗದ ಹಾಗೆ ಕೊನೇ ಸಲ ಯಾವ ಕೆಲಸ ಮಾಡಿದ್ರಿ?’ ನಾನು ಆ ತೆರಿಗೆ ಡಿಸೈನ್ ಬಗ್ಗೆ ಹೇಳೋಕೆ ಶುರು ಮಾಡಿದೆ. ನಲವತ್ತು ನಿಮಿಷ ಮಾತಾಡಿದ್ದೀನಿ. ಆಮೇಲೆ ಅವರು ಕೇಳಿದ್ದು, ‘ಅದನ್ನು ಯಾಕೆ ಬಿಟ್ಟಿರಿ?’ ಆ ಎರಡು ಪ್ರಶ್ನೆ ಬಿಟ್ಟರೆ ಬೇರೆ ಏನೂ ಕೇಳಲಿಲ್ಲ. ಮೂರು ತಿಂಗಳಲ್ಲಿ ನಾನು ಬೇರೆ ಮನುಷ್ಯ ಆಗಿದ್ದೆ.

ಲೀಡ್ ಅವರೇ, ದಯವಿಟ್ಟು ಅವರ ಹತ್ತಿರ ಕೂತು ಮಾತಾಡಿ. ಶೀಟ್ ಆಮೇಲೆ ತುಂಬಬಹುದು.

ಹಾಳೆ_ಓದುಗ

ಹಿಂದಿನ_ಬೆಂಚು ಅವರು ಹೇಳಿದ ಆ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ. ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್‌ಗಳನ್ನೂ ಅಕೌಂಟೆಂಟ್‌ಗಳನ್ನೂ ಹೀಗೇ ಕೇಳಿದ್ದರು: ಕೆಲಸದಲ್ಲಿ ತುಂಬಾ ಖುಷಿಯಾದ ಸಂದರ್ಭ ಹೇಳಿ, ತುಂಬಾ ಬೇಸರವಾದ ಸಂದರ್ಭ ಹೇಳಿ. 1959ರಲ್ಲಿ ಪ್ರಕಟವಾಯಿತು. ಖುಷಿಯ ಕಥೆಗಳಲ್ಲಿ ಬಂದದ್ದು ಸಾಧಿಸಿದ್ದು, ಗುರುತಿಸಿದ್ದು, ಕೆಲಸದೊಳಗಿನ ಸ್ವಾರಸ್ಯ, ಜವಾಬ್ದಾರಿ. ಬೇಸರದ ಕಥೆಗಳಲ್ಲಿ ಬಂದದ್ದು ಕಂಪನಿಯ ನಿಯಮ, ಮೇಲಿನವರ ನಡವಳಿಕೆ, ಸಂಬಳ, ವಾತಾವರಣ. ಎರಡು ಪಟ್ಟಿ ಒಂದರ ತಲೆಕೆಳಗು ಇನ್ನೊಂದಲ್ಲ. ಬೇಸರದ ಕಾರಣ ತೆಗೆದರೆ ಬೇಸರ ಹೋಗುತ್ತೆ, ಹುಮ್ಮಸ್ಸು ತಾನಾಗಿ ಬರಲ್ಲ. ಈ ಸಿದ್ಧಾಂತವನ್ನು ಆಮೇಲೆ ಬಹಳ ಜನ ಟೀಕಿಸಿದ್ದಾರೆ, ಒಳ್ಳೇದಾದರೆ ತಮ್ಮಿಂದ, ಕೆಟ್ಟದ್ದಾದರೆ ಬೇರೆಯವರಿಂದ ಅಂತ ಹೇಳೋದು ಮನುಷ್ಯನ ಸ್ವಭಾವ ಅಂತ. ಆದರೆ ಕೇಳೋ ವಿಧಾನ ಈಗಲೂ ಉಪಯುಕ್ತ. ‘ನಿಮಗೆ ಆಸಕ್ತಿ ಇದೆಯಾ’ ಅಂದರೆ ಎಲ್ಲರೂ ಇದೆ ಅಂತಲೇ ಹೇಳ್ತಾರೆ. ನಡೆದ ಒಂದು ಘಟನೆ ಕೇಳಿದರೆ ಜನ ಬಾಯಿ ಬಿಡ್ತಾರೆ.

ಇನ್ನು ಆ ಒಂಬತ್ತು ಚೌಕ. 1920ರಲ್ಲೇ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಒಂದು ವಿಷಯ ತೋರಿಸಿದ್ದರು. ಸೈನ್ಯದ ಅಧಿಕಾರಿಗಳು ಕೈಕೆಳಗಿನವರಿಗೆ ಬುದ್ಧಿ, ಮೈಕಟ್ಟು, ನಾಯಕತ್ವ, ನಡತೆ ಅಂತ ಬೇರೆ ಬೇರೆ ಅಂಕ ಕೊಡಬೇಕಾಗಿತ್ತು. ಒಂದರಲ್ಲಿ ಹೆಚ್ಚು ಕೊಟ್ಟವರಿಗೆ ಎಲ್ಲದರಲ್ಲೂ ಹೆಚ್ಚು ಕೊಟ್ಟಿದ್ದರು. ಮನಸ್ಸಿನಲ್ಲಿ ಒಟ್ಟಾರೆ ಒಂದು ಅಭಿಪ್ರಾಯ ಮೊದಲೇ ಕೂತಿರುತ್ತೆ, ಅದೇ ಬೇರೆ ಬೇರೆ ಕಾಲಂಗಳಿಗೆ ಹರಿಯುತ್ತೆ. ನಿಮ್ಮ ನಾಲ್ಕು ಹೆಸರು ಹೆಚ್ಚು-ಹೆಚ್ಚು, ಮಧ್ಯಮ-ಮಧ್ಯಮ ಅನ್ನೋ ಕರ್ಣದ ಮೇಲೇ ಕೂತಿವೆಯಾ ಅಂತ ನೋಡಿ.

ಹೊಸ_ಲೀಡ್

ನಾಲ್ಕೂ ಕರ್ಣದ ಮೇಲೇ ಇವೆ.

ನಡುರಾತ್ರಿ_ಆನ್‌ಕಾಲ್

ಎಲ್ಲರ ಮಾತೂ ಓದಿದೆ. ಹಿಂದಿನ_ಬೆಂಚು ಅಣ್ಣನ ಅನುಭವ ಓದಿ ಮನಸ್ಸಿಗೆ ತಟ್ಟಿತು. ಆದರೆ ಇನ್ನೊಂದು ಬದಿಯನ್ನೂ ಯಾರಾದರೂ ಹೇಳಬೇಕು.

ನಿಜವಾಗಿಯೂ ಮಾಡಲಿಕ್ಕೆ ಮನಸ್ಸಿಲ್ಲದವರು ಇರ್ತಾರೆ. ಒಂದೂವರೆ ವರ್ಷ ಅಂಥವರೊಬ್ಬರ ಪಕ್ಕ ಕೆಲಸ ಮಾಡಿದ್ದೀನಿ. ಅವರ ಆನ್‌ಕಾಲ್ ವಾರದಲ್ಲಿ, ಅಂದರೆ ಏನಾದರೂ ಕೆಟ್ಟರೆ ನೋಡಿಕೊಳ್ಳೋ ಸರದಿಯಲ್ಲಿ, ರಾತ್ರಿ ಅಲರ್ಟ್ ಬಂದರೆ ಹದಿನೈದು ನಿಮಿಷ ಕಾದು ಅದು ತಾನಾಗಿ ನನಗೆ ಬರೋ ಹಾಗೆ ಬಿಡ್ತಿದ್ದರು. ಅವರಿಗೆ ಬರಲ್ಲ ಅಂತಲ್ಲ, ನನಗಿಂತ ಚೆನ್ನಾಗಿ ಬರ್ತಿತ್ತು. ಲೀಡ್ ಪ್ರತಿ ಸಲ, ಪಾಪ ಏನೋ ಕಷ್ಟ ಇರಬಹುದು, ಮಾತಾಡ್ತೀನಿ ಅಂತಿದ್ದರು. ಮಾತಾಡ್ತಲೇ ಇದ್ದರು. ಕಡೆಗೆ ಟೀಮ್ ಬಿಟ್ಟಿದ್ದು ನಾನು ಮತ್ತು ಇನ್ನೊಬ್ಬರು. ಒಬ್ಬರ ಮನಸ್ಸು ಅರ್ಥ ಮಾಡಿಕೊಳ್ಳೋಕೆ ತೆಗೆದುಕೊಂಡ ಸಮಯಕ್ಕೆ ಬೆಲೆ ಕೊಟ್ಟವರು ಪಕ್ಕದವರು.

ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ. ನೆಲ ಡೊಂಕಾಗಿದೆಯಾ ಅಂತ ಮೊದಲು ನೋಡಿ ಅನ್ನೋದನ್ನು ಒಪ್ತೀನಿ. ನೋಡಿ, ಡೊಂಕಿದ್ದರೆ ಸರಿ ಮಾಡಿ, ಅದಕ್ಕೊಂದು ಗಡುವು ಇಡಿ. ಏನು ನಿರೀಕ್ಷೆ ಇದೆ ಅಂತ ಬರವಣಿಗೆಯಲ್ಲಿ ಕೊಡಿ. ಆರು ವಾರ. ಸ್ಪಷ್ಟವಾದ ಒಂದೇ ಕೆಲಸ, ಬೇಕಾದ ಆಕ್ಸೆಸ್ ಎಲ್ಲಾ, ರಿವ್ಯೂಗೆ ಒಂದು ದಿನದೊಳಗೆ ಉತ್ತರ. ಅಷ್ಟಾದ ಮೇಲೂ ಏನೂ ಬದಲಾಗದಿದ್ದರೆ ಆಗ ಮನಸ್ಸಿಲ್ಲ ಅಂತ ಬರೆಯೋಕೆ ನಿಮಗೆ ಹಕ್ಕಿದೆ, ಬರೆಯಲೇಬೇಕು ಕೂಡ.

ಮರದ_ನೆರಳು

ಈ ಮಾತು ಬೇಕಿತ್ತು. ಒಪ್ತೀನಿ, ಗಡುವಿನ ಮಾತನ್ನೂ ಒಪ್ತೀನಿ.

ಇದಕ್ಕಿಂತ ಕಷ್ಟದ್ದು ಇನ್ನೊಂದು. ಮನಸ್ಸು ತುಂಬಾ ಇದ್ದು, ಕೈಯಲ್ಲಾಗದವರು. ಬೆಳಗ್ಗೆ ಮೊದಲು ಬರ್ತಾರೆ, ಎಲ್ಲರಿಗೂ ಸಹಾಯ ಮಾಡ್ತಾರೆ, ಹೇಳಿದ್ದೆಲ್ಲಾ ಬರೆದುಕೊಳ್ತಾರೆ. ಒಂದು ವರ್ಷ ಕಳೆದರೂ ಎರಡು ಸರ್ವಿಸ್‌ಗಳ ನಡುವೆ ಎಲ್ಲಿ ಕೆಟ್ಟಿದೆ ಅಂತ ತಾವಾಗಿ ಹುಡುಕೋಕೆ ಆಗಲ್ಲ. ಅವರ ಶ್ರಮ ನೋಡಿ ಎಲ್ಲರೂ ‘ಚೆನ್ನಾಗಿ ಮಾಡ್ತಿದ್ದೀರಿ’ ಅಂತಾರೆ. ನಾನೂ ಹಾಗೆ ಹೇಳಿದ್ದೀನಿ, ಮೂರು ವರ್ಷ. ನಾಲ್ಕನೇ ವರ್ಷ ಸಂಸ್ಥೆ ಜನರನ್ನು ಕಡಿಮೆ ಮಾಡಿದಾಗ ಅವರ ಹೆಸರು ಮೊದಲ ಪಟ್ಟಿಯಲ್ಲಿತ್ತು. ‘ನನಗೆ ಒಬ್ಬರೂ ಮೊದಲೇ ಹೇಳಲಿಲ್ಲವಲ್ಲ ಸರ್’ ಅಂದರು. ಇವತ್ತಿಗೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಅವರು ಈಗ ಗ್ರಾಹಕರ ಜೊತೆ ಕೂತು ಅವಶ್ಯಕತೆಗಳನ್ನು ಬರೆದುಕೊಡೋ ಕೆಲಸದಲ್ಲಿ ತುಂಬಾ ಒಳ್ಳೆ ಹೆಸರು ಮಾಡಿದ್ದಾರೆ. ನಾನು ಮೊದಲ ವರ್ಷವೇ ಬಾಯಿಬಿಟ್ಟು ಹೇಳಿದ್ದರೆ ಅಲ್ಲಿಗೆ ಮೂರು ವರ್ಷ ಮೊದಲೇ ಹೋಗ್ತಿದ್ದರು.

ಹೊಸ_ಲೀಡ್

ಹನ್ನೊಂದು ದಿನ ಆಯಿತು. ಏನಾಯಿತು ಅಂತ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಸೋಮವಾರ ‘ಅ’ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ರಿವ್ಯೂ ತಡ ಮಾಡಿದ್ದಕ್ಕೆ ಮೊದಲು ಕ್ಷಮೆ ಕೇಳಿದೆ. ಆಮೇಲೆ, ನೀವು ಕೆಲಸ ಮಾಡೋದನ್ನು ನೋಡ್ತೀನಿ, ಏನೂ ಹೇಳಲ್ಲ ಅಂದೆ. ಎರಡು ಗಂಟೆ ಕೂತಿದ್ದೆ.

ಒಂದು ಸಾಲು ಬದಲಿಸಿದರು. ಟರ್ಮಿನಲ್‌ನಲ್ಲಿ ಪೂರ್ತಿ ಬಿಲ್ಡ್ (ಇಡೀ ಕೋಡ್ ಕಟ್ಟಿ ಎಲ್ಲಾ ಟೆಸ್ಟ್ ಮಾಡೋದು) ಓಡಿಸಿದರು. ಹನ್ನೊಂದು ನಿಮಿಷ. ಕಾಯ್ತಾ ಕೂತರು. ಒಂದು ಟೆಸ್ಟ್ ಫೇಲ್. ಇನ್ನೊಂದು ಸಾಲು ಬದಲಿಸಿದರು. ಮತ್ತೆ ಪೂರ್ತಿ ಬಿಲ್ಡ್, ಮತ್ತೆ ಹನ್ನೊಂದು ನಿಮಿಷ. ಮೂರನೇ ಸಲ ನನಗೆ ತಡೆಯೋಕಾಗಲಿಲ್ಲ. ಆ ಒಂದು ಟೆಸ್ಟನ್ನು ಮಾತ್ರ ಓಡಿಸಬಹುದಲ್ಲ ಅಂದೆ. ಅವರ ಮುಖ ಕೆಂಪಾಯಿತು. ‘ಈ ಪ್ರಾಜೆಕ್ಟ್‌ನಲ್ಲಿ ಅದು ಹೇಗೆ ಅಂತ ಗೊತ್ತಿಲ್ಲ. ಬಂದ ಹೊಸದರಲ್ಲಿ ಕೇಳಬೇಕಿತ್ತು. ನಾಲ್ಕು ವರ್ಷದ ಅನುಭವ ಇಟ್ಟುಕೊಂಡು ಈಗ ಹೇಗೆ ಕೇಳಲಿ?’ ಕಮಾಂಡ್ ತೋರಿಸಿದೆ. ನಾಲ್ಕು ಸೆಕೆಂಡ್. ಎಂಟು ತಿಂಗಳಿಂದ ಅವರು ದಿನಕ್ಕೆ ಹತ್ತಿಪ್ಪತ್ತು ಸಲ ಹನ್ನೊಂದು ನಿಮಿಷ ಕಾದಿದ್ದಾರೆ.

ಅಷ್ಟೇ ಆಗಿದ್ದರೆ ಕೌಶಲ ಕಡಿಮೆ ಅಂತ ಬರೀತಿದ್ದೆನೋ ಏನೋ. ಆದರೆ ಕೀಬೋರ್ಡ್ ಪಕ್ಕ ಅವರ ನೋಟ್‌ಬುಕ್ ತೆರೆದಿತ್ತು. ಅದರಲ್ಲಿ ನಮ್ಮ ಮೆಸೇಜ್ ಕ್ಯೂನ (ಸರ್ವಿಸ್‌ಗಳ ನಡುವೆ ಮೆಸೇಜ್‌ಗಳನ್ನು ಸಾಲಾಗಿ ಸಾಗಿಸೋ ವ್ಯವಸ್ಥೆ) ಚಿತ್ರ, ಪೆನ್ಸಿಲ್‌ನಲ್ಲಿ. ಮೆಸೇಜ್ ಬಂತು, ಡೇಟಾಬೇಸ್‌ಗೆ ಬರೆದಾಯಿತು, ಆಮೇಲೆ ಕ್ಯೂಗೆ ‘ಮುಗಿಯಿತು’ ಅಂತ ಹೇಳಬೇಕು. ಕೊನೇ ಎರಡು ಹೆಜ್ಜೆಗಳ ನಡುವೆ ಒಂದು ಗುಣಾಕಾರ ಚಿಹ್ನೆ. ಇಲ್ಲಿ ಸರ್ವಿಸ್ ಬಿದ್ದರೆ ಅದೇ ಮೆಸೇಜ್ ಮತ್ತೆ ಬರುತ್ತೆ, ಅದೇ ಹಣ ಎರಡು ಸಲ ಜಮಾ ಆಗುತ್ತೆ. ಆ ಒಂಬತ್ತು ದಿನದ ಟಿಕೆಟ್‌ನಲ್ಲಿ ಅವರು ಮಾಡಿದ್ದು ಇದನ್ನೇ. ಮುಗಿಸಿದ ಮೆಸೇಜ್‌ಗಳ ಐಡಿಗೆ ಒಂದು ಟೇಬಲ್, ಅದರ ಮೇಲೆ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಐಡಿ ಎರಡು ಸಲ ಬರೆಯೋಕೆ ಬಿಡದ ನಿಯಮ), ಹಣ ಜಮಾ ಮಾಡೋದು, ಐಡಿ ಬರೆಯೋದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ನನ್ನ ಎರಡು ದಿನದ ಅಂದಾಜಿನಲ್ಲಿ ಇದು ಇರಲೇ ಇಲ್ಲ, ನನಗೇ ಹೊಳೆದಿರಲಿಲ್ಲ. ರಿವ್ಯೂ ಹುಡುಕಿ ನೋಡಿದೆ. ನಾನು ಬರೆದ ಕಾಮೆಂಟ್: ‘ಈ ಟಿಕೆಟ್‌ಗೆ ಇದು ಬೇಕಿರಲಿಲ್ಲ.’ ಅವರು ಉತ್ತರ ಬರೆಯದೆ ಸುಮ್ಮನಾಗಿದ್ದರು.

ನಮ್ಮ ಟೀಮ್‌ನಲ್ಲಿ ಆ ಕ್ಯೂವನ್ನು ಅಷ್ಟು ಆಳವಾಗಿ ಅರ್ಥ ಮಾಡಿಕೊಂಡವರು ಅವರೊಬ್ಬರೇ.

ಟೆಸ್ಟ್_ಮೊದಲು

ಓದಿ ಒಂದು ನಿಮಿಷ ಸುಮ್ಮನೆ ಕೂತೆ.

ಕೇಳೋಕೆ ಹೆದರೋ ವಿಷಯಕ್ಕೆ ಒಂದು ಮಾತು. ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು ಆಸ್ಪತ್ರೆಯ ನರ್ಸಿಂಗ್ ತಂಡಗಳನ್ನು ನೋಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಒಳ್ಳೆ ತಂಡಗಳಲ್ಲಿ ಔಷಧಿ ಕೊಡೋ ತಪ್ಪು ಕಡಿಮೆ ಇರುತ್ತೆ ಅಂದುಕೊಂಡಿದ್ದರು, ದಾಖಲೆಯಲ್ಲಿ ಹೆಚ್ಚು ಕಂಡಿತು. ಅಲ್ಲಿ ತಪ್ಪಾದರೆ ಮುಚ್ಚಿಡದೆ ಹೇಳ್ತಿದ್ದರು, ಅದಕ್ಕೆ. ‘ನನಗೆ ಗೊತ್ತಿಲ್ಲ’ ಅಂತ ಯಾರೂ ಹೇಳದ ಟೀಮ್‌ನಲ್ಲಿ ಯಾರಿಗೆ ಏನು ಬರಲ್ಲ ಅಂತ ಅಳೆಯೋಕೇ ಆಗಲ್ಲ. ನೀವು ವಾರಕ್ಕೊಮ್ಮೆ ಎಲ್ಲರ ಎದುರು ನಿಮಗೆ ಗೊತ್ತಿಲ್ಲದ ಒಂದು ವಿಷಯವನ್ನು ಕೇಳಿ. ಲೀಡೇ ಕೇಳಿದರೆ ಉಳಿದವರಿಗೆ ಬಾಯಿ ಬರುತ್ತೆ.

‘ಬ’ ಅವರ ಹತ್ತು ಬಗ್ ನೋಡಿದಿರಾ?

ಹೊಸ_ಲೀಡ್

ನೋಡಿದೆ ಮೇಡಂ. ಹನ್ನೆರಡು ತೆಗೆದೆ. ಎಂಟು ನೀವು ಹೇಳಿದ ಎರಡನೇ ಜಾತಿ, ಒಮ್ಮೆ ಕೈಯಿಂದ ಓಡಿಸಿ ನೋಡಿದ್ದರೆ ಸಿಗ್ತಿದ್ದವು. ಒಂದರಲ್ಲಂತೂ ಹೆಸರಿನ ಕಾಲಂ ಖಾಲಿ ಬಿಟ್ಟು ಸೇವ್ ಒತ್ತಿದರೆ ಸಾಕು, ಪುಟವೇ ಬೀಳುತ್ತೆ.

ಅವರ ಜೊತೆಗೂ ಕೂತೆ. ಕೊನೇ ಸಲ ಖುಷಿಯಿಂದ ಮಾಡಿದ ಕೆಲಸ ಯಾವುದು ಅಂತ ಕೇಳಿದೆ. ‘ಎಲ್ಲಾ ಚೆನ್ನಾಗೇ ಇದೆ’ ಅಂದರು. ಬಗ್‌ಗಳ ಪಟ್ಟಿ ತೋರಿಸಿದೆ. ‘ಮುಂದೆ ನೋಡಿಕೊಳ್ತೀನಿ’ ಅಂದರು. ಅದಕ್ಕಿಂತ ಹೆಚ್ಚು ಏನೂ ಸಿಗಲಿಲ್ಲ. ಅವರಿಗೆ ಒಂದು ವರ್ಷದಿಂದ ಒಂದೇ ಥರದ ಸ್ಕ್ರೀನ್‌ಗಳನ್ನೇ ಕೊಟ್ಟಿದ್ದೀವಿ, ಅದು ಬೇಸರ ತಂದಿರಬಹುದು ಅನಿಸುತ್ತೆ. ಅಥವಾ ಬೇಗ ಮುಗಿಸಿದವರನ್ನು ನಾವು ಪ್ರತಿ ಡೆಮೋದಲ್ಲಿ ಹೊಗಳಿದ್ದರಿಂದ ಅವರು ಅದನ್ನೇ ಕಲಿತಿರಬಹುದು.

ಹಾಳೆ_ಓದುಗ

ಎರಡನೇದು ಬಹಳ ಸಾಧ್ಯ. 1971ರಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಡೀಸಿ ವಿದ್ಯಾರ್ಥಿಗಳಿಗೆ ಸೋಮಾ ಅನ್ನೋ ಘನಾಕೃತಿಗಳ ಒಗಟು ಬಿಡಿಸೋಕೆ ಕೊಟ್ಟರು. ಕೆಲವರಿಗೆ ಬಿಡಿಸಿದ ಒಂದೊಂದಕ್ಕೂ ಒಂದು ಡಾಲರ್. ಹಣ ನಿಲ್ಲಿಸಿ, ಅವರ ಪಾಡಿಗೆ ಬಿಟ್ಟಾಗ ಹಣ ಪಡೆದಿದ್ದವರು ಒಗಟಿನ ಕಡೆ ಹೋಗೋದು ಕಡಿಮೆಯಾಯಿತು. ಎಣಿಸಿ ಕೊಡೋದು ಕೆಲಸದ ಸ್ವಾರಸ್ಯವನ್ನೇ ತಿಂದುಬಿಡಬಹುದು. ಡೆಮೋದಲ್ಲಿ ಎಷ್ಟು ಟಿಕೆಟ್ ಅಂತ ಓದೋದನ್ನು ಮೊದಲು ನಿಲ್ಲಿಸಿ.

ನಡುರಾತ್ರಿ_ಆನ್‌ಕಾಲ್

ನಿಲ್ಲಿಸಿ, ಜೊತೆಗೆ ಇನ್ನೊಂದು. ಅವರ ಬಗ್ ಅವರಿಗೇ ವಾಪಸ್ ಹೋಗಲಿ. ಬೇರೆಯವರು ಸರಿ ಮಾಡ್ತಿದ್ದರೆ ಅವರಿಗೆ ನೋವು ಗೊತ್ತಾಗೋದು ಹೇಗೆ? ಶಿಕ್ಷೆ ಅಂತ ಅಲ್ಲ. ತಾನು ಬರೆದದ್ದು ಮುರಿದಾಗ ಹೇಗೆ ಮುರೀತು ಅಂತ ನೋಡದವರಿಗೆ ಆ ಕೌಶಲ ಬೆಳೆಯೋಕೆ ದಾರಿಯೇ ಇರಲ್ಲ. ಆರು ವಾರದ ಗಡುವು ನೆನಪಿರಲಿ.

ಹೊಸ_ಲೀಡ್

ಸರಿ, ಎರಡೂ ಈ ಸ್ಪ್ರಿಂಟ್‌ನಿಂದಲೇ.

ಮರದ_ನೆರಳು ಸರ್, ಶೀಟ್‌ನಲ್ಲಿ ಏನು ಬರೀಲಿ? ಇನ್ನು ಮೂರು ದಿನ ಇದೆ.

ಮರದ_ನೆರಳು

ಗುಣವಾಚಕ ಬರೀಬೇಡಿ. ಕಂಡದ್ದನ್ನು ತಾರೀಖಿನ ಜೊತೆ ಬರೀರಿ. ‘ಅ’ ಅವರಿಗೆ ಹೀಗೆ:

‘ಕ್ಯೂ ಟಿಕೆಟ್‌ನಲ್ಲಿ ಒಂದೇ ಪಾವತಿ ಎರಡು ಸಲ ಜಮಾ ಆಗೋ ಸಾಧ್ಯತೆಯನ್ನು ತಾವಾಗಿ ಗುರುತಿಸಿ ತಡೆದರು. ಇದು ಅಂದಾಜಿನಲ್ಲಿ ಇರಲಿಲ್ಲ. ಒಂಬತ್ತು ದಿನದಲ್ಲಿ ಮೂರು ದಿನ ರಿವ್ಯೂಗಾಗಿ ಕಾದದ್ದು, ಅದು ಲೀಡ್ ಕಡೆಯ ತಡ. ಪ್ರಾಜೆಕ್ಟ್‌ನ ಟೂಲ್‌ಗಳ ಪರಿಚಯ ಕಡಿಮೆ ಇತ್ತು, ಈ ತಿಂಗಳು ಕಲಿಸಲಾಗಿದೆ. ಕೆಲಸ ದೊಡ್ಡದಾಗ್ತಿದೆ ಅಂತ ಗೊತ್ತಾದ ದಿನವೇ ಹೇಳಬೇಕು, ಇದು ಅವರು ಸುಧಾರಿಸಬೇಕಾದದ್ದು, ಅವರಿಗೂ ತಿಳಿಸಿದ್ದೇನೆ.’

ಕೊನೇ ವಾಕ್ಯ ಬಿಡಬೇಡಿ. ಅವರ ಬಗ್ಗೆ ಈಗ ನಿಮಗೆ ಪಶ್ಚಾತ್ತಾಪ ಇದೆ, ಆ ಭರದಲ್ಲಿ ಇದನ್ನು ಮುಚ್ಚಿದರೆ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ ಹಾಗೆ. ಮತ್ತೆ, ಶೀಟ್ ಮೇಲೆ ಹೋಗೋ ಮೊದಲು ಅವರಿಗೇ ಓದಿ ಹೇಳಿ. ಅವರ ಮುಖ ನೋಡಿಕೊಂಡು ಓದೋಕಾಗದ ವಾಕ್ಯ ಇದ್ದರೆ ಅದನ್ನು ತಿದ್ದಿ.

‘ಬ’ ಅವರಿಗೆ ಹನ್ನೆರಡರಲ್ಲಿ ಎಂಟು ಅನ್ನೋದನ್ನೂ, ಒಂದು ವರ್ಷ ಒಂದೇ ಥರದ ಕೆಲಸ ಅನ್ನೋದನ್ನೂ ಬರೀರಿ. ಕಾರಣ ಇನ್ನೂ ಗೊತ್ತಾಗಿಲ್ಲ ಅಂತಲೂ ಬರೀರಿ.

ಹಿಂದಿನ_ಬೆಂಚು

ಸರ್ ಬರೆದ ಆ ನಾಲ್ಕೈದು ಸಾಲನ್ನು ಎರಡು ಸಲ ಓದಿದೆ. ನನಗೆ ಬಂದಿದ್ದ ಶೀಟ್‌ನಲ್ಲಿ ಹೀಗಿದ್ದಿದ್ದರೆ, ತಪ್ಪು ಇದ್ದ ಕಡೆ ತಪ್ಪು ಅಂತಲೇ ಇದ್ದರೂ, ನಾನು ಒಪ್ಪಿಕೊಳ್ತಿದ್ದೆ.

ಹೊಸ_ಲೀಡ್

ಇವತ್ತು ಬೆಳಗ್ಗೆ ‘ಅ’ ಅವರಿಗೆ ಓದಿ ಹೇಳಿದೆ. ಕೊನೇ ವಾಕ್ಯದ ಹತ್ತಿರ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ ಇದೆ, ಇರಲಿ’ ಅಂದರು. ಮಧ್ಯಾಹ್ನದ ಹೊತ್ತಿಗೆ ಅವರೇ ನನ್ನ ಹತ್ತಿರ ಬಂದು, ಈಗಿನ ಟಿಕೆಟ್ ಮೂರು ದಿನದ್ದಲ್ಲ, ಆರು ದಿನದ್ದು, ಯಾಕೆ ಅಂತ ತೋರಿಸ್ತೀನಿ ಅಂದರು. ನೋಟ್‌ಬುಕ್ ತಂದಿದ್ದರು.

ಮ್ಯಾನೇಜರ್ ಶೀಟ್ ವಾಪಸ್ ಕಳಿಸಿದ್ದಾರೆ, ಚೌಕದಲ್ಲಿ ಹೆಸರು ಬೇಕೇ ಬೇಕಂತೆ, ವಿವರ ಬೇರೆ ಕಡೆ ಇಟ್ಟುಕೊಳ್ಳಿ ಅಂತೆ. ನಾಳೆ ಹತ್ತೂವರೆಗೆ ಅವರ ಜೊತೆ ಅರ್ಧ ಗಂಟೆ ಸಿಕ್ಕಿದೆ. ಕ್ಯೂ ಟಿಕೆಟ್‌ನ ಪಿಆರ್ ಪ್ರಿಂಟ್ ತೆಗೆದಿಟ್ಟಿದ್ದೀನಿ, ಆ ಪೆನ್ಸಿಲ್ ಚಿತ್ರದ ಫೋಟೋ ತೆಗೆದುಕೊಳ್ಳಲಾ ಅಂತ ‘ಅ’ ಅವರನ್ನೇ ಕೇಳಿದೆ, ಹೂಂ ಅಂದರು. ಮೊದಲು ಬರೆದಿದ್ದ ನಾಲ್ಕು ಹೆಸರನ್ನೂ ಅಳಿಸಿದ್ದೀನಿ. ಆ ನಾಲ್ವರ ಜೊತೆ ಇನ್ನೂ ಕೂತಿಲ್ಲ. ಅದಕ್ಕೆ ಒಂದು ವಾರ ಹೆಚ್ಚು ಕೊಡಿ ಅಂತಲೂ ನಾಳೆ ಕೇಳ್ತೀನಿ.